ಹಳೇ ಕಂಪ್ಯೂಟರ್ ಉಳಿಸಿದರೆ ಎಷ್ಟು ಉಳಿಯುತ್ತದೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಇರಬೇಕು. ದಾವಣಗೆರೆಯಲ್ಲಿ ನನ್ನ ತಮ್ಮ ನಡೆಸುವ ತೆರಿಗೆ ಸಲಹಾ ಕಚೇರಿಯ ಏಳು ಕಂಪ್ಯೂಟರ್‌ಗಳಲ್ಲಿ ಒಂದಕ್ಕೂ ಆ ಅರ್ಹತೆ ಇರಲಿಲ್ಲ. ಅಂಗಡಿಯವರು ಕೊಟ್ಟ ಕೊಟೇಶನ್ ಜಿಎಸ್‌ಟಿ ಸೇರಿ ಒಂದಕ್ಕೆ 42,000, ಏಳಕ್ಕೆ 2,94,000 ರೂಪಾಯಿ. ಕಚೇರಿಯ ಲೆಕ್ಕ ನೋಡಿಕೊಳ್ಳುವವನು ನಾನು. ಅಷ್ಟು ದುಡ್ಡು ಒಮ್ಮೆಗೇ ಕೊಡುವ ಮೊದಲು ಬೇರೆ ದಾರಿ ಇದೆಯೇ ನೋಡೋಣ ಎಂದೆ.

ದಾರಿ ಇತ್ತು. ಹಳೇ ಯಂತ್ರಗಳನ್ನು ಥಿನ್ ಕ್ಲೈಂಟ್ ಮಾಡುವುದು. ಮೇಜಿನ ಮೇಲಿನ ಯಂತ್ರ ತೆರೆ ತೋರಿಸುತ್ತದೆ, ಕೀಬೋರ್ಡ್ ಮತ್ತು ಮೌಸ್ ಒತ್ತಿದ್ದನ್ನು ಸಾಗಿಸುತ್ತದೆ, ಅಷ್ಟೆ. ನಿಜವಾದ ಕೆಲಸ ಒಳಕೋಣೆಯ ಸರ್ವರ್‌ನಲ್ಲಿ ನಡೆಯುತ್ತದೆ. ಆ ಒಂದೇ ಪೆಟ್ಟಿಗೆಯೊಳಗೆ ಒಬ್ಬೊಬ್ಬರಿಗೂ ಒಂದೊಂದು ವರ್ಚುವಲ್ ಮೆಷಿನ್. ಇದಕ್ಕೆ ಬೇಕಾದ ಪ್ರಾಕ್ಸ್‌ಮಾಕ್ಸ್ ತಂತ್ರಾಂಶ ಉಚಿತ, ದುಡ್ಡು ಕೊಟ್ಟು ಚಂದಾದಾರರಾಗುವುದು ನಮ್ಮಿಷ್ಟ. ಹಳೇ ಯಂತ್ರಗಳು ಹಾರ್ಡ್ ಡಿಸ್ಕ್ ಇಲ್ಲದೆ ನೆಟ್‌ವರ್ಕ್ ಮೂಲಕವೇ ಬೂಟ್ ಆಗಲು ಥಿನ್‌ಸ್ಟೇಶನ್ ಎಂಬ ಪುಟ್ಟ ಲಿನಕ್ಸ್ ಸಾಕು. ಅದೂ ಉಚಿತ.

ಆದರೆ ತಂತ್ರಾಂಶ ಪುಕ್ಕಟೆ ಸಿಕ್ಕಿತೆಂದು ಲೆಕ್ಕ ಅಲ್ಲಿಗೇ ನಿಲ್ಲಿಸಬಾರದು. ಹೆಚ್ಚಿನವರು ಎಡವುವುದು ಲೈಸೆನ್ಸ್ ವಿಷಯದಲ್ಲಿ. ಒಂದು ವಿಂಡೋಸ್ ತಂದು ಐದು ಜನ ಹಂಚಿಕೊಂಡು ಬಳಸಲು ಮೈಕ್ರೋಸಾಫ್ಟ್ ನಿಯಮ ಒಪ್ಪುವುದಿಲ್ಲ. ವಿಂಡೋಸ್ ಸರ್ವರ್ ಬೇಕು, ಮೇಲೆ ತಲೆಗೊಂದು ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್ ಬೇಕು. ಅದನ್ನು ಕೂಡಿಸಿ ನೋಡಿದಾಗ ಉಳಿತಾಯದ ಬಹುಪಾಲು ಅಲ್ಲೇ ಕರಗಿಹೋಗುತ್ತಿತ್ತು. ಹಾಗಾಗಿ ಕೆಲಸವನ್ನೇ ಎರಡು ಪಾಲು ಮಾಡಿದೆವು. ಟ್ಯಾಲಿ ನಡೆಸುವ, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಚುಚ್ಚುವ ಎರಡು ಮೇಜಿಗೆ ಹೊಸ ಕಂಪ್ಯೂಟರ್. ಆ ಟೋಕನ್ ರಿಮೋಟ್ ಸಂಪರ್ಕದಲ್ಲಿ ಸುಮ್ಮನೆ ತಲೆ ತಿನ್ನುತ್ತದೆ. ಉಳಿದ ಐವರ ಕೆಲಸ ಜಿಎಸ್‌ಟಿ ಪೋರ್ಟಲ್, ಪತ್ರ, ಪಟ್ಟಿ. ಅದಕ್ಕೆ ಲಿನಕ್ಸ್ ವರ್ಚುವಲ್ ಮೆಷಿನ್ ಧಾರಾಳವಾಗಿ ಸಾಕು.

ಖರ್ಚಾದದ್ದು ಹೀಗೆ: ಎರಡು ಹೊಸ ಕಂಪ್ಯೂಟರ್‌ಗೆ 84,000. 32 ಜಿಬಿ ರ‍್ಯಾಮ್, ಒಂದರ ನಕಲು ಇನ್ನೊಂದರಲ್ಲಿ ಇರುವಂತೆ ಎರಡು ಎಸ್‌ಎಸ್‌ಡಿ ಇರುವ ರಿಫರ್ಬಿಷ್ಡ್ ಸರ್ವರ್‌ಗೆ 65,000. ಯುಪಿಎಸ್‌ಗೆ 16,000, ಸ್ವಿಚ್ ಮತ್ತು ಕೇಬಲ್‌ಗೆ 5,000, ಬ್ಯಾಕಪ್ ಡಿಸ್ಕ್‌ಗಳಿಗೆ 10,000. ಒಟ್ಟು 1,80,000. ಕೊಟೇಶನ್‌ಗಿಂತ 1,14,000 ಕಡಿಮೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ ಸವಕಳಿ ದರ ಶೇ. 40. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅದರಲ್ಲಿ ಅರ್ಧ. ವರ್ಷಾಂತ್ಯಕ್ಕೆ ಕೊಳ್ಳುವವರು ಇದನ್ನು ಗಮನಿಸಿ.

ಹಳೇ ಯಂತ್ರಗಳಿಗೆ ತಗುಲಿದ ಖರ್ಚು ಅತ್ಯಲ್ಪ. ಕ್ಯಾಬಿನೆಟ್ ಬಿಚ್ಚಿ ದೂಳು ಊದಿದೆವು, ಸಿಆರ್2032 ಬಟನ್ ಸೆಲ್ ಬದಲಿಸಿದೆವು. ಈ ಸೆಲ್ ಸತ್ತಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ, ಬೂಟ್ ಆಗುವ ಮುಂಚೆಯೇ ಎಫ್1 ಒತ್ತಿ ಎಂದು ಯಂತ್ರ ಕಾದು ನಿಲ್ಲುತ್ತದೆ. ಗುಜರಿ ಸೇರಬೇಕಿದ್ದ ಎಷ್ಟೋ ಕಂಪ್ಯೂಟರ್‌ಗಳ ಕಾಯಿಲೆ ಇಷ್ಟೇ.

ನನಗೆ ನಿಜಕ್ಕೂ ಸಮಾಧಾನ ಕೊಟ್ಟದ್ದು ಕರೆಂಟ್ ಹೋದ ಮೊದಲ ಮಧ್ಯಾಹ್ನ. ಯುಪಿಎಸ್ ಇರುವುದು ಸರ್ವರ್‌ಗೆ ಮತ್ತು ಸ್ವಿಚ್‌ಗೆ, ಮೇಜುಗಳಿಗಿಲ್ಲ. ತೆರೆಗಳೆಲ್ಲ ಕಪ್ಪಾದವು. ಕರೆಂಟ್ ಬಂದು, ಯಂತ್ರ ಬೂಟ್ ಆಗಿ, ಟೈಪ್ ಮಾಡುತ್ತಿದ್ದ ಮೇಡಂ ಮತ್ತೆ ಲಾಗಿನ್ ಆದರು. "ಸರ್, ಸೇವ್ ಮಾಡಿರ್ಲಿಲ್ಲ, ಬಿಟ್ಟಲ್ಲೇ ಇದೆ ನೋಡಿ!" ಅರ್ಧಕ್ಕೆ ನಿಂತ ವಾಕ್ಯ, ಅದರ ಕೊನೆಯಲ್ಲಿ ಮಿಣುಗುವ ಕರ್ಸರ್, ಎರಡೂ ಹಾಗೇ ಇದ್ದವು. ಜುಲೈ ಕೊನೆಯ ವಾರದಲ್ಲಿ ರಿಟರ್ನ್ ಸಲ್ಲಿಸುವ ಕಚೇರಿಗೆ ಇದರ ಬೆಲೆ ಏನೆಂದು ಆ ಕೆಲಸ ಮಾಡುವವರಿಗೇ ಗೊತ್ತು.

ಇನ್ನು ಕರೆಂಟ್ ಬಿಲ್. ಥಿನ್ ಕ್ಲೈಂಟ್ ಆಯಿತೆಂದು ಹಳೇ ಡೆಸ್ಕ್‌ಟಾಪ್ ಕಡಿಮೆ ಉಣ್ಣುವುದಿಲ್ಲ. ಮಾನಿಟರ್ ಬಿಟ್ಟು 60 ವ್ಯಾಟ್ ಎಂದುಕೊಳ್ಳಿ. ದಿನಕ್ಕೆ 9 ಗಂಟೆ, ತಿಂಗಳಿಗೆ 25 ದಿನ, 13.5 ಯೂನಿಟ್. ಥಿನ್ ಕ್ಲೈಂಟ್ ಎಂದೇ ತಯಾರಾದ 12 ವ್ಯಾಟಿನ ಪುಟ್ಟ ಪೆಟ್ಟಿಗೆಯಾದರೆ 2.7 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ ಐದು ಯಂತ್ರಕ್ಕೆ ವರ್ಷಕ್ಕೆ ಐದು ಸಾವಿರ ಹೆಚ್ಚು ಕಟ್ಟುತ್ತಿದ್ದೇವೆ. ಅದಕ್ಕೇ ಇವುಗಳಲ್ಲಿ ಯಾವುದು ಕೆಟ್ಟರೂ ರಿಪೇರಿಗೆ ದುಡ್ಡು ಹಾಕುವುದಿಲ್ಲ. ಸೆಕೆಂಡ್ ಹ್ಯಾಂಡ್ ಡೆಲ್ ವೈಸ್‌ನಂಥದ್ದನ್ನು ತರುತ್ತೇವೆ. ಕೆಲಸದ ಫೈಲುಗಳು ಸರ್ವರ್‌ನಲ್ಲೇ ಇರುವುದರಿಂದ ಬದಲಿಸುವುದಕ್ಕೆ ಹೊತ್ತು ಹಿಡಿಯುವುದಿಲ್ಲ.

ಎಲ್ಲರ ಕೆಲಸ ಒಂದೇ ಪೆಟ್ಟಿಗೆಯಲ್ಲಿದೆ ಎಂಬುದೇ ಇದರ ದೊಡ್ಡ ಅಪಾಯ. ಸರ್ವರ್ ಬಿದ್ದರೆ ಐವರೂ ಕೈಕಟ್ಟಿ ಕೂರಬೇಕು. ಆದ್ದರಿಂದ ಬ್ಯಾಕಪ್ ಡಿಸ್ಕ್‌ನ ಹತ್ತು ಸಾವಿರದಲ್ಲಿ ಒಂದು ರೂಪಾಯಿಯನ್ನೂ ಕಡಿತ ಮಾಡಲು ನಾನು ಒಪ್ಪಲಿಲ್ಲ. ಒಂದು ಡಿಸ್ಕ್ ಕಚೇರಿಯಲ್ಲಿ, ಇನ್ನೊಂದು ತಮ್ಮನ ಮನೆಯಲ್ಲಿ. ಪ್ರತಿ ಶನಿವಾರ ಅದಲುಬದಲು.

ನಿಮ್ಮಲ್ಲಿರುವುದು ಮೂರು ನಾಲ್ಕು ಕಂಪ್ಯೂಟರ್ ಮಾತ್ರವೇ? ಈ ಗೋಜಿಗೆ ಹೋಗಬೇಡಿ. ಒಂದೊಂದಕ್ಕೂ ಎಸ್‌ಎಸ್‌ಡಿ, ಸಾಧ್ಯವಾದರೆ ಇನ್ನೊಂದಿಷ್ಟು ರ‍್ಯಾಮ್ ಹಾಕಿಸಿ, ನೇರವಾಗಿ ಲಿನಕ್ಸ್ ಬಳಸಿ. ಐದಾರು ದಾಟಿದ್ದರೆ, ಕೆಲಸದ ಹೆಚ್ಚು ಭಾಗ ಬ್ರೌಸರ್‌ನಲ್ಲೇ ನಡೆಯುತ್ತಿದ್ದರೆ, ಸರ್ವರ್ ನೋಡಿಕೊಳ್ಳಲು ಬಲ್ಲವರೊಬ್ಬರು ಊರಲ್ಲೇ ಸಿಗುವಂತಿದ್ದರೆ ಧೈರ್ಯವಾಗಿ ಮಾಡಿ. ಯಾವ ದಾರಿ ಹಿಡಿದರೂ, ಬಿಚ್ಚಿದ ಹಳೇ ಹಾರ್ಡ್ ಡಿಸ್ಕ್‌ಗಳನ್ನು ಪೂರ್ತಿ ಅಳಿಸದೆ, ಇಲ್ಲವೇ ಡ್ರಿಲ್ ಹೊಡೆಯದೆ ಗುಜರಿಗೆ ಕೊಡಬೇಡಿ. ಅದರಲ್ಲಿ ನಿಮ್ಮನ್ನು ನಂಬಿ ಬಂದವರ ಪ್ಯಾನ್, ಆಧಾರ್, ಬ್ಯಾಂಕ್ ಖಾತೆಯ ವಿವರಗಳೆಲ್ಲ ಇರುತ್ತವೆ.