ಸೋರುವ ನಳ, ತುಂಬಿ ಹರಿಯುವ ತೊಟ್ಟಿ: ರೈತನ ಮನೆಯಲ್ಲಿ ಮಾಡತಕ್ಕ ದುರಸ್ತಿ

ಗೋವೆಯಲ್ಲಿ ಪೋರ್ತುಗೀಜರ ಆಡಳಿತವಿದ್ದಾಗಲೇ ಖಾಂಡೇಪಾರ ನದಿಯ ಓಪಾದಿಂದ ಪಣಜಿಗೆ ಕೊಳವೆಯ ನೀರು ಬಂದಿತ್ತು. ಹಳ್ಳಿಗಳಿಗೆ ಅದು ಬಹು ನಿಧಾನವಾಗಿ ಬಂತು. 2022ರಲ್ಲಿ ಗ್ರಾಮಾಂತರದ ಮನೆಮನೆಗೂ ನಳ ಮುಟ್ಟಿದ ರಾಜ್ಯವೆಂದು ಗೋವೆಗೆ ಪ್ರಮಾಣಪತ್ರ ದೊರೆಯಿತು. ನಳವೇನೋ ಬಂತು, ಅದನ್ನು ಕಾಯುವ ವಿದ್ಯೆ ನಮಗೆ ಇನ್ನೂ ಬರಬೇಕಾಗಿದೆ. ಕಾಣಕೋಣದಂಥ ಊರಲ್ಲಿ ಕೆಲಸಗಾರನನ್ನು ಕರೆದರೆ ಅವನು ಬರುವುದು ನಾಲ್ಕು ದಿನಕ್ಕೆ. ಅಷ್ಟರಲ್ಲಿ ನಾವೇ ಮಾಡಬಹುದಾದ ಕೆಲಸಗಳು ಹಲವಿವೆ.

ಮೊದಲು ಒಂದು ಲೆಕ್ಕ. ಸೆಕೆಂಡಿಗೆ ಒಂದು ಹನಿ ಬೀಳುವ ನಳದಿಂದ ದಿನಕ್ಕೆ 86,400 ಹನಿ ಬೀಳುತ್ತವೆ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 4 ಲೀಟರಿಗೂ ಹೆಚ್ಚು, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು ನೀರು ಹೋಯಿತು. ಇದು ಒಂದೇ ನಳದ ಮಾತು.

ಹನಿಯುವ ನಳ: ದೋಷ ಬಹುಶಃ ಒಳಗಿನ ರಬ್ಬರ್ ವಾಶರಿನದು. ಮೊದಲು ಮುಖ್ಯ ವಾಲ್ವ್ ಮುಚ್ಚಿ, ನಳ ತೆರೆದು ಉಳಿದ ನೀರನ್ನು ಬಿಡಬೇಕು. ಕೆಳಗಿನ ಮೋರಿಯ ಬಾಯಿಗೆ ಬಟ್ಟೆ ತುರುಕಿರಿ. ಸಣ್ಣ ತಿರುಪು ಜಾರಿದರೆ ಮತ್ತೆ ಸಿಗದು. ಪಾನಾದ ಬಾಯಿಗೆ ಚಿಂದಿ ಸುತ್ತಿ ನಳದ ತಲೆ ಬಿಚ್ಚಿರಿ. ಹಳೆಯ ವಾಶರನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿರಿ. ಅದು ಕೂಡುವ ಪೀಠದಲ್ಲಿ ಗೀರುಗಳಿದ್ದರೆ ಹೊಸ ವಾಶರೂ ಬೇಗ ಸವೆಯುತ್ತದೆ. ಆಗ ನಳವನ್ನೇ ಬದಲಿಸುವುದು ಲೇಸು.

ತುಂಬಿ ಹರಿಯುವ ತೊಟ್ಟಿ: ಇದರಲ್ಲಿ ನಾನೇ ಕೆಟ್ಟೆ. ನಮ್ಮ ತೊಟ್ಟಿಯ ಹೆಚ್ಚುವರಿ ನೀರಿನ ಕೊಳವೆ ಮನೆಯ ಹಿಂದೆ ಅಡಿಕೆ ಸಸಿಗಳ ಕಡೆಗಿತ್ತು. ಅತ್ತ ಕಣ್ಣು ಹಾಯಿಸಲಿಲ್ಲ. ಎರಡು ಸಸಿ ಹಳದಿಯಾದಾಗ ರೋಗವೆಂದು ಔಷಧಿ ಹುಡುಕಿದೆ. ಬುಡ ಮುಟ್ಟಿ ನೋಡಿದರೆ ನೀರು ನಿಂತು ಬೇರು ಕೊಳೆತಿತ್ತು! ಕೊಳವೆಯ ಕೆಳಗೆ ಲೀಟರಿನ ಪಾತ್ರೆ ಇಟ್ಟೆ. 6 ನಿಮಿಷಕ್ಕೆ ತುಂಬಿತು. ಅಂದರೆ ದಿನಕ್ಕೆ 240 ಲೀಟರ್. ತೇಲುಗುಂಡಿನೊಳಗೆ ನೀರು ಹೊಕ್ಕಿತ್ತು. ಗುಂಡನ್ನು ಬಿಚ್ಚಿ ಅಲ್ಲಾಡಿಸಿರಿ. ಒಳಗೆ ನೀರಿನ ಸದ್ದಾದರೆ ಹೊಸದು ಹಾಕಿರಿ. ಗುಂಡು ಸರಿಯಿದ್ದರೆ ಅದರ ವಾಶರ್ ನೋಡಿರಿ. ಹೆಚ್ಚುವರಿ ನೀರಿನ ಕೊಳವೆಯ ಬಾಯಿ ಸದಾ ಕಣ್ಣಿಗೆ ಬೀಳುವಲ್ಲಿ ಇರತಕ್ಕದ್ದು.

ಶೌಚದ ತೊಟ್ಟಿ ಸದ್ದಿಲ್ಲದೆ ಸೋರುತ್ತದೆ. ಅದರಲ್ಲಿ ಬಟ್ಟೆಯ ನೀಲಿ ಹಾಕಿ ಅರ್ಧ ತಾಸು ಬಿಡಿರಿ. ಕೆಳಗಿನ ಪಾತ್ರೆಯಲ್ಲಿ ನೀಲಿ ಕಂಡರೆ ಸೋರಿಕೆ ಇದೆ.

ನೀರಿನ ಧಾರೆ ಸಣ್ಣದಾದರೆ: ನಮ್ಮದು ಚಿರೇಕಲ್ಲಿನ ನೆಲ. ಇಂಥ ನೆಲದ ಬಾವಿನೀರಿಗೆ ಸಾಮಾನ್ಯವಾಗಿ ತುಸು ಹುಳಿಗುಣವಿದ್ದು ಅದು ಕಬ್ಬಿಣದ ಕೊಳವೆಯನ್ನು ತಿನ್ನುತ್ತದೆ. ತುಕ್ಕು ಒಳಗೇ ಕಟ್ಟಿ ದಾರಿ ಕಿರಿದಾಗುತ್ತದೆ. ಮುಂಜಾನೆಯ ಮೊದಲ ನೀರು ಕೆಂಪಗಿದ್ದರೆ ಇದೇ ಗುರುತು. ಅಲ್ಲಿ ಪ್ಲಾಸ್ಟಿಕ್ ಕೊಳವೆ ಬಾಳಿಕೆ ಬರುತ್ತದೆ. ಆದರೆ ತೊಟ್ಟಿ ಬರಿದಾಗಿ ಮತ್ತೆ ತುಂಬಿದ ಬಳಿಕ ಧಾರೆ ನಿಂತಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎಲ್ಲಕ್ಕಿಂತ ಕೆಳಗಿನ ನಳವನ್ನು ಪೂರ್ತಿ ತೆರೆದು ಕೆಲಹೊತ್ತು ಬಿಡಿರಿ.

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಸರಕಾರಿ ನಳದಲ್ಲಿ ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಇಳಿದು ಅದು ಹೊರಗಿನದನ್ನು ಒಳಕ್ಕೆ ಎಳೆಯಬಲ್ಲದು. ಬಿರುಕು ಬಿಟ್ಟ ಕೊಳವೆ ಮೋರಿಯಲ್ಲಿ ಹಾದುಹೋಗಿದ್ದರೆ ಕೊಳಚೆ ಒಳಹೋಗುತ್ತದೆ. ಕಾಮಾಲೆ, ವಿಷಮಶೀತ ಜ್ವರಗಳಿಗೆ ಇದೊಂದು ದಾರಿ. ಆದ್ದರಿಂದ ಕೊಳವೆಯನ್ನು ಮೋರಿಯಿಂದ ದೂರ ಒಯ್ಯಿರಿ. ಬಾವಿಯ ಪಂಪಿನ ಕೊಳವೆಯನ್ನು ಸರಕಾರಿ ಕೊಳವೆಗೆ ನೇರವಾಗಿ ಎಂದೂ ಜೋಡಿಸಬೇಡಿರಿ. ನಿಮ್ಮ ಬಾವಿಯ ನೀರು ನೆರೆಯವನ ಬಿಂದಿಗೆಗೆ ಹೋದೀತು. ಕೊಳೆರೋಗಕ್ಕೆ ಮೈಲುತುತ್ತೆ, ಸುಣ್ಣ ಕದಡುವಾಗ ರಬ್ಬರ್ ನಳಿಗೆಯ ತುದಿಯನ್ನು ಪೀಪಾಯಿಯಲ್ಲಿ ಮುಳುಗಿಸಬೇಡಿರಿ. ಒಂದು ಗೇಣು ಮೇಲಿಂದ ನೀರು ಬೀಳಲಿ. ಅದೇ ಗೇಣು ಅಂತರ ಮನೆಯವರನ್ನು ಕಾಯುತ್ತದೆ.

ಕೊನೆಗೆ, ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿರಿ. ಬಾವಿಯ ಹತ್ತಿರ ಇಂಗಿಸಬೇಡಿರಿ. ಒಂದು ಪಾನಾ, ನಾಲ್ಕು ವಾಶರ್, ಒಂದು ಸುರುಳಿ ಬಿಳಿ ಟೇಪು, ಇಷ್ಟನ್ನು ಕತ್ತಿ ಗುದ್ದಲಿಯ ಪಕ್ಕದಲ್ಲೇ ಇಟ್ಟುಕೊಳ್ಳಿರಿ. ಮುಖ್ಯ ವಾಲ್ವ್ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ಇವತ್ತೇ ತೋರಿಸಿಡಿರಿ.