ಮೂರು ಮೆಟ್ಟಿಲು



ನಮ್ಮ ಶಾಲೆಯ ವರಾಂಡಕ್ಕೆ ಎಷ್ಟು ಮೆಟ್ಟಿಲುಗಳಿವೆ? ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ನಾವು ಈ ಪ್ರಶ್ನೆಯನ್ನು ಕೇಳಿದೆವು. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿದರು. ಒಬ್ಬನು ಎರಡು ಎಂದನು, ಇನ್ನೊಬ್ಬಳು ನಾಲ್ಕು ಎಂದಳು. ಇರುವುದು ಮೂರು. ಸಲೀಸಾಗಿ ಹತ್ತುವವರಿಗೆ ಮೆಟ್ಟಿಲು ಕಣ್ಣಿಗೇ ಬೀಳುವುದಿಲ್ಲ. ಹತ್ತಲಾರದವರಿಗೆ ಮೊದಲು ಕಾಣುವುದೇ ಅದು.

ಹಿಂದೆ ನಾವು ಪಾಠ ಹೇಳುತ್ತಿದ್ದ ಬೇರೊಂದು ಶಾಲೆಯಲ್ಲಿ ಎರಡು ಕಾಲುಗಳಲ್ಲಿಯೂ ಬಲವಿಲ್ಲದ ಒಬ್ಬ ಹುಡುಗನಿದ್ದನು. ಗೆಳೆಯರು ಅವನನ್ನು ಹೆಗಲ ಮೇಲೆ ಹೊತ್ತು ತರಗತಿಗೆ ತರುತ್ತಿದ್ದರು. ಪ್ರಾರ್ಥನೆಯ ವೇಳೆಯಲ್ಲಿ ಆ ಗೆಳೆಯರನ್ನು ನಾವು ಹೊಗಳಿದ್ದೂ ಉಂಟು. ಒಂದು ದಿನ ಅವನ ತಾಯಿ ಬಂದು, "ಬೆಳಿಗ್ಗೆಯಿಂದ ಸಂಜೆಯವರೆಗೆ ಇವನು ನೀರು ಕುಡಿಯುವುದಿಲ್ಲ, ಮೇಷ್ಟ್ರೇ. ಕುಡಿದರೆ ಹೊರಗೆ ಹೊತ್ತುಕೊಂಡು ಹೋಗಲು ಯಾರನ್ನಾದರೂ ಕೇಳಬೇಕಲ್ಲ, ಅದಕ್ಕೆ ನಾಚಿಕೆ" ಎಂದರು. ನಮ್ಮ ಸೀಮೆಯ ಏಪ್ರಿಲ್ ಬಿಸಿಲು ಎಂಥದೆಂದು ನಿಮಗೆ ಗೊತ್ತು. ಹತ್ತನೆಯ ತರಗತಿಗೆ ಬರುವ ಮೊದಲೇ ಆ ಹುಡುಗ ಶಾಲೆ ಬಿಟ್ಟನು. ಅವನನ್ನು ಹೊತ್ತವರದು ತಪ್ಪಲ್ಲ. ಹೊರುವುದಕ್ಕೆ ಜನರಿದ್ದಾರೆಂದು ದಾರಿ ಮಾಡುವ ಯೋಚನೆಯನ್ನೇ ಬಿಟ್ಟ ನಮ್ಮಂಥ ಹಿರಿಯರದು ತಪ್ಪು. ಹೊತ್ತುಕೊಂಡು ಹೋಗುವುದು ದಯೆ, ತಾನಾಗಿ ಹೋಗುವಂತೆ ದಾರಿ ಮಾಡುವುದು ನ್ಯಾಯ. ಈ ಎರಡರ ವ್ಯತ್ಯಾಸವೇ ಇಂದಿನ ಪಾಠ.

ಮೊದಲು ಮಾತಿನ ವಿಷಯ. "ಕುಂಟನಿಗೆ ಎಂಟು ಚೇಷ್ಟೆ" ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಒಬ್ಬನ ಕೊರತೆಯನ್ನು ಅವನ ಗುಣಕ್ಕೆ ಅಂಟಿಸುವ ಇಂಥ ಮಾತುಗಳು ಭಾಷೆಯಲ್ಲಿವೆ, ಆದರೆ ಬಳಸಲೇಬೇಕೆಂಬ ನಿಯಮವಿಲ್ಲ. ಹಿಂದಿನವರು ಅಂಗವಿಕಲ ಎಂದರು, ಆಮೇಲೆ ವಿಕಲಚೇತನ ಎಂಬ ಮಾತು ಬಂದಿತು, ಈಗ ವಿಶೇಷಚೇತನ ಎನ್ನುವವರೂ ಇದ್ದಾರೆ. ಪದ ಬದಲಾದದ್ದು ಒಳ್ಳೆಯದೇ. ಆದರೆ ಪದ ಬದಲಾಗಿ ಮೆಟ್ಟಿಲು ಹಾಗೆಯೇ ಉಳಿದರೆ ಪ್ರಯೋಜನವೇನು?

ಇದು ಒಬ್ಬಿಬ್ಬರ ಸಂಗತಿಯಲ್ಲ. 2011ರ ಜನಗಣತಿಯಂತೆ ಭಾರತದಲ್ಲಿ ವಿಕಲಚೇತನರ ಸಂಖ್ಯೆ 2 ಕೋಟಿ 68 ಲಕ್ಷ. ಅವರಲ್ಲಿ ಸುಮಾರು 1 ಕೋಟಿ 86 ಲಕ್ಷ ಮಂದಿ ಹಳ್ಳಿಗಳಲ್ಲಿ ವಾಸಿಸುವವರು. ಇವರಲ್ಲದೆ ಮುಪ್ಪಿನಲ್ಲಿ ಮಂಡಿ ನೋಯುವ ಅಜ್ಜಿ, ತುಂಬು ಗರ್ಭಿಣಿ, ಕಾಲು ಮುರಿದುಕೊಂಡ ಆಟಗಾರ, ಇವರೆಲ್ಲರಿಗೂ ಆ ಮೂರು ಮೆಟ್ಟಿಲು ಅಡ್ಡಿಯೇ.

ಇಂದು ಇರುವ ಸೌಲಭ್ಯಗಳನ್ನು ಯಾರೋ ಕರುಣೆಯಿಂದ ಕೊಟ್ಟರೆಂದು ತಿಳಿಯಬಾರದು. ವಿಕಲಚೇತನರೇ ಕೇಳಿ ಪಡೆದವು ಅವು. ಬಾಲ್ಯದಲ್ಲಿ ಪೋಲಿಯೋ ತಗುಲಿದ ಎನ್. ಎಸ್. ಹೇಮಾ ಅವರು 1959ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆಯೊಂದನ್ನು ಕಟ್ಟಿದರು. ಎ.ಪಿ.ಡಿ. ಎಂಬ ಹೆಸರಿನ ಆ ಸಂಸ್ಥೆ ಇಂದಿಗೂ ಕೆಲಸ ಮಾಡುತ್ತಿದೆ. 1995ರ ಡಿಸೆಂಬರಿನಲ್ಲಿ ನೂರಾರು ಮಂದಿ ವಿಕಲಚೇತನರು ದೆಹಲಿಯಲ್ಲಿ ಸಂಸತ್ತಿನ ಬಳಿ ಸೇರಿ ತಮಗೊಂದು ಕಾನೂನು ಬೇಕೆಂದು ಕೇಳಿದರು. ಅದೇ ತಿಂಗಳಲ್ಲಿ ಸಂಸತ್ತು ಮೊದಲ ಕಾನೂನನ್ನು ಅಂಗೀಕರಿಸಿತು.

2001ರಲ್ಲಿ ನಡೆದ ಒಂದು ಪ್ರಸಂಗ ಕೇಳಿ. ಗಾಲಿಕುರ್ಚಿಯಲ್ಲಿಯೇ ಬದುಕಿದ ಪ್ರಸಿದ್ಧ ವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರು ದೆಹಲಿಗೆ ಬಂದಾಗ, ಕುತುಬ್ ಮಿನಾರ್ ಮುಂತಾದ ಸ್ಮಾರಕಗಳನ್ನು ಅವರು ನೋಡಲೆಂದು ಮರದ ತಾತ್ಕಾಲಿಕ ಇಳಿಜಾರುಗಳನ್ನು ಹಾಕಲಾಯಿತು. ಅತಿಥಿಗೆ ಸಾಧ್ಯವಾದದ್ದು ಮನೆಯವರಿಗೇಕೆ ಸಾಧ್ಯವಿಲ್ಲ? ವಿಕಲಚೇತನರ ಹೋರಾಟದ ಮುಖ್ಯ ಪ್ರಶ್ನೆ ಇದೇ. 2004ರಲ್ಲಿ ಸುಪ್ರೀಂ ಕೋರ್ಟು ಮತಗಟ್ಟೆಗಳಲ್ಲಿ ಇಳಿಜಾರು ಮಾಡಬೇಕೆಂದು ಆದೇಶಿಸಿತು. ಹಳ್ಳಿಗಳಲ್ಲಿ ಮತಗಟ್ಟೆ ಎಂದರೆ ಬಹುಮಟ್ಟಿಗೆ ಶಾಲೆಯೇ ತಾನೆ? ಹೀಗೆ ಮತದಾರರಿಗಾಗಿ ಕಟ್ಟಿದ ಇಳಿಜಾರು ಎಷ್ಟೋ ಶಾಲೆಗಳಲ್ಲಿ ಮಕ್ಕಳಿಗೂ ದಾರಿಯಾಯಿತು.

ಈಗ ಜಾರಿಯಲ್ಲಿರುವುದು 2016ರ ಕಾನೂನು. ಅದು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಮೊದಲಿನ ಕಾನೂನಿನಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಇದರಲ್ಲಿ 21 ಇವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಇದು ಕೊಟ್ಟಿದೆ. ನೆರೆಯ ಶಾಲೆಯಲ್ಲಿಯೋ ವಿಶೇಷ ಶಾಲೆಯಲ್ಲಿಯೋ ಓದುವ ಆಯ್ಕೆ ಮಗುವಿನದು.

ಇನ್ನು ನಮ್ಮ ಸೀಮೆಗೆ ಬರೋಣ. 1969ರಲ್ಲಿ ವಿನ್ಸೆಂಟ್ ಫೆರರ್ ಅವರು ಅನಂತಪುರದಲ್ಲಿ ಆರಂಭಿಸಿದ ಆರ್.ಡಿ.ಟಿ. ಸಂಸ್ಥೆಯು ಹಳ್ಳಿಗಳಲ್ಲಿ ವಿಕಲಚೇತನರ ಸಂಘಗಳನ್ನು ಕಟ್ಟಿದೆ, ಅಂಧರಿಗೂ ಕಿವಿ ಕೇಳಿಸದ ಮಕ್ಕಳಿಗೂ ಶಾಲೆಗಳನ್ನು ನಡೆಸಿದೆ. ಒಬ್ಬನು ಕಚೇರಿಯ ಬಾಗಿಲಲ್ಲಿ ನಿಂತರೆ ಬೇಡುವವನೆಂದು ಕಾಣುತ್ತಾನೆ. ಹತ್ತು ಜನ ಸಂಘವಾಗಿ ನಿಂತರೆ ಕೇಳುವವರೆಂದು ಕಾಣುತ್ತಾರೆ. ಸಂಘದ ಬಲವೇ ಇದು.

ಆದರೆ ರಾಯದುರ್ಗ, ಮಡಕಶಿರಗಳ ಕನ್ನಡಿಗರಿಗೆ ಇನ್ನೊಂದು ಮೆಟ್ಟಿಲಿದೆ. ಅದು ಕಾಗದದ ಮೆಟ್ಟಿಲು. ರಾಯದುರ್ಗವು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ಆಂಧ್ರಕ್ಕೆ ಸೇರಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತೆಲುಗು ಇಲ್ಲವೇ ಇಂಗ್ಲಿಷು. ವೈಕಲ್ಯದ ಪ್ರಮಾಣವನ್ನು ವೈದ್ಯರು ನಿರ್ಧರಿಸುವ ಸದರಂ ಶಿಬಿರದ ದಿನ ತಿಳಿಯದೆ, ತಿಳಿದರೂ ಅರ್ಜಿ ತುಂಬಲು ಬಾರದೆ ಹಿಂದೆ ಬಿದ್ದವರು ಉಂಟು. ಆ ಪ್ರಮಾಣಪತ್ರವಿಲ್ಲದೆ ಮಾಸಾಶನವಿಲ್ಲ. 2024ರ ಜುಲೈನಿಂದ ಆಂಧ್ರಪ್ರದೇಶ ಸರ್ಕಾರವು ಈ ಮಾಸಾಶನವನ್ನು 3000ದಿಂದ 6000 ರೂಪಾಯಿಗೆ ಏರಿಸಿತು. ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯಾದರೋ ಇಡೀ ದೇಶಕ್ಕೆ ಮಾನ್ಯವಾದದ್ದು. ಚಿಕಿತ್ಸೆಗೆ ಬಳ್ಳಾರಿಗೋ ಬೆಂಗಳೂರಿಗೋ ಹೋಗುವ ಗಡಿಯವರಿಗೆ ಅದು ಬಹಳ ಮುಖ್ಯ. 2022ರ ಏಪ್ರಿಲಿನಿಂದ ಮಡಕಶಿರವು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಕಾರಣ, ಅಲ್ಲಿಯವರು ಜಿಲ್ಲಾ ಕಚೇರಿಗೆ ಪುಟ್ಟಪರ್ತಿಗೂ ರಾಯದುರ್ಗದವರು ಅನಂತಪುರಕ್ಕೂ ಹೋಗಬೇಕು. ಮಕ್ಕಳೇ, ನೀವು ಕನ್ನಡದಲ್ಲಿ ಓದುತ್ತೀರಿ, ತೆಲುಗನ್ನೂ ಕಲಿಯುತ್ತೀರಿ. ನೆರೆಮನೆಯವರಿಗೆ ಒಂದು ಅರ್ಜಿ ಓದಿ ಹೇಳಿದರೆ, ತುಂಬಿಕೊಟ್ಟರೆ, ನೀವು ಕಲಿತ ಎರಡು ಭಾಷೆಗಳೂ ಸಾರ್ಥಕ.

ಈಗ ಸ್ವಲ್ಪ ಗಣಿತ. ಗಾಲಿಕುರ್ಚಿಯವರು ತಾವೇ ಏರಬೇಕಾದರೆ ಇಳಿಜಾರು ಎಷ್ಟು ಉದ್ದವಿರಬೇಕು? 1 ಅಡಿ ಎತ್ತರಕ್ಕೆ 12 ಅಡಿ ಉದ್ದ, ಇದೇ ಲೆಕ್ಕ. ಒಂದು ಮೆಟ್ಟಿಲು 6 ಅಂಗುಲವಾದರೆ ಮೂರಕ್ಕೆ 18 ಅಂಗುಲ, ಅಂದರೆ ಒಂದೂವರೆ ಅಡಿ. ಆದುದರಿಂದ ಇಳಿಜಾರು 18 ಅಡಿ ಉದ್ದವಿರಬೇಕು. ಜಾಗ, ಸಿಮೆಂಟು ಉಳಿಯಲೆಂದು 6 ಅಡಿಯಲ್ಲಿಯೇ ಮುಗಿಸಿದರೆ ಅದು ಜಾರುಬಂಡೆಯಾದೀತೇ ಹೊರತು ದಾರಿಯಾಗದು. ಎರಡೂ ಕಡೆ ಹಿಡಿಕಂಬಿ ಇರಬೇಕು, ನೆಲ ನುಣುಪಾಗಿರಬಾರದು. ಬಾಗಿಲು 90 ಸೆಂಟಿಮೀಟರಾದರೂ ಅಗಲವಿರಬೇಕು. ಶೌಚಾಲಯಕ್ಕೂ ಇದೇ ಲೆಕ್ಕ ಅನ್ವಯಿಸುತ್ತದೆ, ಅದಕ್ಕೇ ಮೊದಲು ಅನ್ವಯಿಸಬೇಕು. ಆ ಹುಡುಗ ನೀರು ಕುಡಿಯದೆ ಕುಳಿತದ್ದು ಅದಿಲ್ಲದ್ದರಿಂದಲೇ.

ರಾಯದುರ್ಗದ ಬೆಟ್ಟದ ಮೇಲಿನ ಕೋಟೆಯನ್ನು ಹಿಂದಿನವರು ಕಟ್ಟಿದ್ದು ಶತ್ರುಗಳು ಸುಲಭವಾಗಿ ಹತ್ತದಿರಲೆಂದು. ರೇಷನ್ ಅಂಗಡಿ, ಪಂಚಾಯಿತಿ ಕಚೇರಿ, ಆಸ್ಪತ್ರೆ, ಶಾಲೆಗಳಿಗೆ ಬರುವವರು ಶತ್ರುಗಳೇನು? ಅವನ್ನೂ ನಾವು ಕೋಟೆಯಂತೆ ಕಟ್ಟಬೇಕೇಕೆ?

ಮಕ್ಕಳೇ, ಈ ರಜೆಯಲ್ಲಿ ಒಂದು ಅಭ್ಯಾಸ ಮಾಡಿ. ಅಳತೆಪಟ್ಟಿ ಹಿಡಿದು ನಿಮ್ಮೂರಿನ ಐದು ಸಾರ್ವಜನಿಕ ಸ್ಥಳಗಳಿಗೆ ಹೋಗಿ. ಮೆಟ್ಟಿಲೆಷ್ಟು, ಎತ್ತರವೆಷ್ಟು, ಬಾಗಿಲ ಅಗಲವೆಷ್ಟು, ಇಳಿಜಾರು ಇದೆಯೇ, ಇದ್ದರೆ ಎಷ್ಟು ಉದ್ದ ಎಂದು ಬರೆದುಕೊಳ್ಳಿ. ಹೋಗುವಾಗ ಊರಿನ ವಿಕಲಚೇತನರೊಬ್ಬರನ್ನು ಜೊತೆಗೆ ಬರಲು ಕೇಳಿಕೊಳ್ಳಿ. ತಮಗೇನು ಬೇಕೆಂಬುದನ್ನು ನಮ್ಮೆಲ್ಲರಿಗಿಂತ ಅವರೇ ಚೆನ್ನಾಗಿ ಬಲ್ಲರು. ಆ ಪಟ್ಟಿಯನ್ನು ಅರ್ಜಿಯಾಗಿ ಬರೆದು ಗ್ರಾಮಸಭೆಯಲ್ಲಿ ಕೊಡಿಸುವ ಹೊಣೆ ಹೆತ್ತವರದು. ಅರ್ಜಿ ಬರೆಯುವುದನ್ನು ಕಲಿಸುವುದು ನಮ್ಮ ಹೊಣೆ, ಅದು ಹೇಗೂ ನಿಮ್ಮ ವ್ಯಾಕರಣ ಪಾಠದಲ್ಲಿಯೇ ಇದೆ.

ನಮ್ಮ ವರಾಂಡದ ಅಳತೆಯಿಂದಲೇ ಮೊದಲು ಮಾಡೋಣ. ಶಾಲೆಯ ಹಿಂಬದಿಯ ಗೋಡೆಯ ಪಕ್ಕದಲ್ಲಿ 18 ಅಡಿ ಜಾಗವಿದೆ, ನಾವು ಅಳೆದು ನೋಡಿದ್ದೇವೆ.