ತಕಾರ ಟಕಾರಗಳನ್ನು ಅರಿಯುವ ಎಳೆಯ ಮೆದುಳು

ಉದ್ಯೋಗನಿಮಿತ್ತ ಬಾಗಲಕೋಟೆ, ವಿಜಯಪುರಗಳ ಕಡೆಯಿಂದ ಬಂದು ಉಡುಪಿ ಸಮೀಪದ ಕಟಪಾಡಿಯಲ್ಲಿ ನೆಲೆಸಿದ ಭಕ್ತರ ಮನೆಗಳಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದುಂಟು. ಮನೆಯ ಅಜ್ಜಿಯದು ಬಯಲುಸೀಮೆಯ ಕನ್ನಡ. ಕೂಸನ್ನೆತ್ತಿ ಆಡಿಸುವ ನೆರೆಯವರದು ತುಳು. ಎರಡು ಮಾತು ಕಿವಿಗೆ ಬಿದ್ದು ಕೂಸು ಗೊಂದಲಗೊಳ್ಳದೆ? ಮಾತು ಬರುವುದು ತಡವಾಗದೆ? ತಡವಾಗದು ಎಂಬುದೇ ಉತ್ತರ. ಆದರೆ ಆ ಉತ್ತರದ ಹಿಂದಿರುವ ಅಧ್ಯಯನವನ್ನು ತಿಳಿಯುವುದು ಒಳ್ಳೆಯದು.

ಮಾತು ಬಾರದ ಕೂಸಿನ ಮೆದುಳನ್ನು ಪರೀಕ್ಷಿಸುವುದು ಹೇಗೆ? ಕೆನಡಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದ ಕ್ರಮ ಸರಳವಾದುದು. ತಾಯಿಯ ತೊಡೆಯ ಮೇಲೆ ಕುಳಿತ ಕೂಸಿಗೆ ಒಂದೇ ಧ್ವನಿಯನ್ನು ಕೇಳಿಸುತ್ತಿರುತ್ತಾರೆ. ಧ್ವನಿ ಬದಲಾದಾಗ ಕೂಸು ತಲೆ ತಿರುಗಿಸಿದರೆ ಪಕ್ಕದಲ್ಲಿನ ಆಟಿಕೆಯೊಂದು ಬೆಳಗಿ ಕುಣಿಯುತ್ತದೆ. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹೀಗೆ ಹಿಂದಿಯ ತಕಾರ, ಟಕಾರಗಳನ್ನು ಕೇಳಿಸಿದರು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಭೇದವನ್ನು ಗುರುತಿಸಿದವು. 10ರಿಂದ 12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಹಿಂದಿಯ ಮನೆಯ ಕೂಸುಗಳಲ್ಲಿ ಅದು ಉಳಿದಿತ್ತು. ‘ಕಟಪಾಡಿ’ಯನ್ನು ಸಲೀಸಾಗಿ ನುಡಿಯುವ ನಮಗೆ ಇದು ಸೋಜಿಗವೆನಿಸೀತು, ತಕಾರ ಟಕಾರಗಳೂ ಕೂಡ ನಾವು ತೊಟ್ಟಿಲಲ್ಲಿ ಉಳಿಸಿಕೊಂಡ ಗಳಿಕೆಯೇ.

ಎಳೆಯ ಮೆದುಳಿನಲ್ಲಿ ನರಕೋಶಗಳ ನಡುವೆ ಬೇಕಾದುದಕ್ಕಿಂತ ಹೆಚ್ಚು ಸಂಪರ್ಕಗಳು ಮೂಡುತ್ತವೆ. ಬಳಕೆಯಲ್ಲಿರುವವು ಗಟ್ಟಿಗೊಳ್ಳುತ್ತವೆ, ಉಳಿದವು ಕ್ರಮೇಣ ಕಳಚಿಹೋಗುತ್ತವೆ. ಆದುದರಿಂದ ತುಳುವಿನ ಪದಾಂತ್ಯದಲ್ಲಿ ಬರುವ, ನಾವು ದೊಡ್ಡವರು ತಿಣುಕಿದರೂ ಸರಿಯಾಗಿ ನುಡಿಯಲಾರದ ಆ ಅರೆ ಉಕಾರವನ್ನು ಕಟಪಾಡಿಯ ಕೂಸು ಕನ್ನಡದೊಡನೆಯೇ ಪಡೆಯಬಲ್ಲುದು. ಅದು ಆಡುವ ಪದಗಳನ್ನು ಎಣಿಸುವಾಗ ಎರಡು ನುಡಿಗಳವನ್ನೂ ಸೇರಿಸಿ ಎಣಿಸಬೇಕು; ಕನ್ನಡವನ್ನಷ್ಟೇ ಎಣಿಸಿ ಚಿಂತಿಸಬಾರದು.

ಹಾಗೆಂದು ಮೊಬೈಲನ್ನು ಗುರುವಾಗಿಸಿದರೆ ಆಗದು. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, 9 ತಿಂಗಳ ಅಮೆರಿಕದ ಕೂಸುಗಳು ಎದುರಿಗೆ ಕುಳಿತು ಆಡಿಸಿದವರಿಂದ 12 ಭೇಟಿಗಳಲ್ಲಿ ಚೀನೀ ಭಾಷೆಯ ಧ್ವನಿಭೇದವನ್ನು ಕಲಿತವು. ಅದೇ ಮಾತನ್ನು ಪರದೆಯ ಮೇಲೆ ಕಂಡು ಕೇಳಿದ ಕೂಸುಗಳು ಕಲಿಯಲಿಲ್ಲ.

ಇವೆಲ್ಲಕ್ಕೂ ಮೊದಲು ಕಿವಿ ಕೇಳಬೇಕಲ್ಲವೆ? ನಮಗೆ ನಿಜವಾದ ಆತಂಕವಿರುವುದು ಇಲ್ಲಿ. ಕಿವುಡು ಕೂಸೂ ಮೊದಲ ತಿಂಗಳುಗಳಲ್ಲಿ ಉಳಿದವರಂತೆಯೇ ಉಲಿಯುವುದರಿಂದ ಹಿರಿಯರು ಮೋಸಹೋಗುತ್ತಾರೆ. ಚಪ್ಪಾಳೆ ತಟ್ಟಿ ನೋಡುವುದು ಪರೀಕ್ಷೆಯಲ್ಲ. ಕೂಸು ಕೈಯ ಚಲನೆಯನ್ನು ಕಂಡು ತಿರುಗಿರಬಹುದು. ಮಲಗಿದ ಶಿಶುವಿಗೆ ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮಾಡುವ ಶ್ರವಣ ತಪಾಸಣೆಯು ಒಂದು ತಿಂಗಳೊಳಗೆ ಮುಗಿದು, ದೋಷವಿದ್ದರೆ ಮೂರು ತಿಂಗಳೊಳಗೆ ಖಚಿತವಾಗಿ, ಆರು ತಿಂಗಳೊಳಗೆ ಚಿಕಿತ್ಸೆ ಆರಂಭವಾಗಬೇಕು. ಮಣಿಪಾಲದಲ್ಲಿ ವಾಕ್ ಮತ್ತು ಶ್ರವಣ ವಿಭಾಗವಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹೆರಿಗೆಯ ಬಳಿಕ ಮನೆಗೆ ಹೊರಡುವ ಮುನ್ನವೇ ಈ ತಪಾಸಣೆಯನ್ನು ಕೇಳಿ ಮಾಡಿಸಿಕೊಳ್ಳಿರಿ. ನವಜಾತ ಶಿಶುವಿನ ಕಿವಿಯಲ್ಲಿ ದ್ರವ ಉಳಿದಿದ್ದರೂ ಮೊದಲ ಸಲ ಫಲಿತಾಂಶ ಸರಿಬರದಿರಬಹುದು. ಗಾಬರಿ ಬೇಡ, ಮರುಪರೀಕ್ಷೆಗೆ ಕೊಟ್ಟ ದಿನವನ್ನು ಮಾತ್ರ ತಪ್ಪಿಸಬೇಡಿರಿ.